ಆರನೇ ತರಗತಿಯ ಮೊದಲ ಪಾಲಕರ ಸಭೆ: ಏನು ಹೇಳಬೇಕು, ಏನು ಕೇಳಬೇಕು?

ಕೃಷ್ಣಾತೀರದ ಅಕ್ಕೋರು (ಜಮಖಂಡಿ ತಾಲೂಕು)

ನಮಸ್ಕಾರ. ನಾನು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ಸಲ ಆರನೇ ತರಗತಿ ನನ್ನ ಪಾಲಿಗೆ ಬಂದಿದೆ. ಮೇ ಕೊನೆಗೆ ಶಾಲೆ ತೆರೆಯುತ್ತದೆ. ಮೊದಲ ವಾರದಲ್ಲೇ ಪಾಲಕರನ್ನು ಕರೆದು, ಈ ವರ್ಷ ಮಕ್ಕಳು ಏನು ಮಾಡಬೇಕು, ಮನೆಯವರಿಂದ ನಮಗೆ ಏನು ಬೇಕು ಅಂತ ಸ್ಪಷ್ಟವಾಗಿ ಹೇಳಬೇಕು ಅನ್ನೋದು ನನ್ನ ಆಸೆ.

ಆರನೇ ತರಗತಿಯೇ ಯಾಕೆ ಅಂದರೆ, ಇಲ್ಲಿ ಮಕ್ಕಳಿಗೆ ಎಲ್ಲವೂ ಒಮ್ಮೆಗೇ ಬದಲಾಗುತ್ತದೆ. ಐದರವರೆಗೆ ಪರಿಸರ ಅಧ್ಯಯನ ಅಂತ ಒಂದೇ ಪುಸ್ತಕ ಇತ್ತು. ಈಗ ವಿಜ್ಞಾನ ಬೇರೆ, ಸಮಾಜ ವಿಜ್ಞಾನ ಬೇರೆ. ಹಿಂದಿ ಹೊಸದಾಗಿ ಶುರು. ಮೊದಲು ಒಬ್ಬರೋ ಇಬ್ಬರೋ ಇಡೀ ದಿನ ಕಲಿಸುತ್ತಿದ್ದರು, ಈಗ ಪಿರಿಯಡ್‌ಗೊಬ್ಬರು. ತೋಟದ ಶಾಲೆಗಳಲ್ಲಿ ಐದು ಮುಗಿಸಿದ ಮಕ್ಕಳು ಬಂದು ಸೇರುತ್ತಾರೆ, ಅವರಿಗೆ ಶಾಲೆಯೇ ಹೊಸದು. ಸರಿಯಾಗಿ ಇದೇ ಹೊತ್ತಿಗೆ ಮನೆಯವರು "ಇನ್ನು ದೊಡ್ಡವನಾದ, ಅವನೇ ನೋಡಿಕೊಳ್ಳುತ್ತಾನೆ" ಅಂತ ಹಿಂದೆ ಸರಿಯುತ್ತಾರೆ. ಒಂದನೇ ತರಗತಿಗೆ ಕೈ ಹಿಡಿದು ತಂದವರು ಆರಕ್ಕೆ ಬಂದಾಗ ಗೇಟಿನ ಹತ್ತಿರವೂ ಕಾಣುವುದಿಲ್ಲ.

ಶಾಲೆಯವರು ಅವರನ್ನು ಕರೆಯುವುದಾದರೂ ಯಾವಾಗ? ಸಹಿ ಬೇಕಾದಾಗ, ಇಲ್ಲವೇ ಹುಡುಗ ಜಗಳ ಮಾಡಿದಾಗ. ಹಾಗಾಗಿ ಶಾಲೆಯಿಂದ ಫೋನ್ ಬಂತು ಅಂದರೆ ಅವರಿಗೆ ಮೊದಲು ಹೆದರಿಕೆ.

ನನ್ನ ಪ್ರಶ್ನೆಗಳು ಇಷ್ಟು. ಸಭೆ ಯಾವ ಹೊತ್ತಿಗೆ ಇಟ್ಟರೆ ಜನ ಬರುತ್ತಾರೆ? ಓದು ಬರಹ ಬಾರದ ತಾಯಿಗೆ "ಮನೆಯಲ್ಲಿ ಅಭ್ಯಾಸ ನೋಡಿಕೊಳ್ಳಿ" ಅಂದರೆ ಆಕೆ ನಿಜವಾಗಿ ಏನು ಮಾಡಬೇಕು? ತರಗತಿಯ ನಿಯಮ ನಾನೇ ಮಾಡಬೇಕಾ, ಮಕ್ಕಳಿಂದ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ.

ಮುಧೋಳದ ರೈತ

ಮೊದಲು ಹೊತ್ತಿನ ಮಾತು. ಬೆಳಿಗ್ಗೆ 11ಕ್ಕೆ ಸಭೆ ಅಂತ ಚೀಟಿ ಕಳಿಸಬೇಡಿ. ಜೂನ್‌ನಲ್ಲಿ ಒಂದು ಮಳೆ ಬಿದ್ದರೆ ಸಾಕು, ಊರೆಲ್ಲ ಹೊಲದಲ್ಲಿ ಇರುತ್ತದೆ. ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಅಮಾವಾಸ್ಯೆ ದಿನವೂ ಕೆಲಸ ಕಡಿಮೆ. ಸೋಮವಾರ ಸಂಜೆ ಶಾಲೆ ಬಿಡುವ ಹೊತ್ತಿಗೆ ಇಟ್ಟು ನೋಡಿ. ಸಂತೆ ದಿನ ಮಾತ್ರ ಬೇಡವೇ ಬೇಡ.

ಬನಹಟ್ಟಿ ಮಗ್ಗದಮನೆ

ಎತ್ತು ಇದ್ದವರಿಗೆ ಸೋಮವಾರ ಸರಿ. ನಮ್ಮದು ಪವರ್‌ಲೂಮ್. ನೇಯ್ದಷ್ಟು ಕೂಲಿ. ಎರಡು ತಾಸು ಮಗ್ಗ ನಿಂತರೆ ಆ ದಿನದ ಕೂಲಿ ಅಷ್ಟು ಕಡಿಮೆ. ಹಾಗಂತ ನಾನು ಬರುವುದಿಲ್ಲ ಅಂತ ಹೇಳುತ್ತಿಲ್ಲ. ಸಭೆ 40 ನಿಮಿಷಕ್ಕೆ ಮುಗಿಯುತ್ತದೆ ಅಂತ ಮೊದಲೇ ಹೇಳಿ, ಹೇಳಿದ ಹೊತ್ತಿಗೆ ಮುಗಿಸಿದರೆ ಖಂಡಿತ ಬರುತ್ತೇನೆ. ಅತಿಥಿಗಳಿಗೆ ಹೂವು, ಶಾಲು, ಸ್ವಾಗತ ಭಾಷಣ ಅಂತ ಒಂದು ತಾಸು ಕೂರಿಸಿದರೆ ಮುಂದಿನ ಸಲ ಯಾರೂ ಬರುವುದಿಲ್ಲ.

ಟಿಳಕವಾಡಿ ಅಮ್ಮ (ಬೆಳಗಾವಿ)

ನನ್ನ ಮಗಳು ಖಾಸಗಿ ಶಾಲೆಯಲ್ಲಿ ಆರಕ್ಕೆ ಸೇರಿದಾಗ "ಓರಿಯೆಂಟೇಶನ್" ಇತ್ತು. ದೊಡ್ಡ ಪರದೆ, ಸ್ಲೈಡು, ಎಲ್ಲ ಇತ್ತು. ಶೂ ಯಾವ ಬಣ್ಣ, ಜಡೆಗೆ ಯಾವ ರಿಬ್ಬನ್, ಫೀ ಕಂತು ಯಾವಾಗ ಅನ್ನುವುದು ಬಹಳ ಸ್ಪಷ್ಟವಾಗಿತ್ತು. ಹೋಂವರ್ಕ್ ದಿನಕ್ಕೆ ಎಷ್ಟು, ಮಗುವಿಗೆ ಅರ್ಥವಾಗದಿದ್ದರೆ ಯಾರನ್ನು ಕೇಳಬೇಕು ಅನ್ನುವುದು ಯಾರ ಬಾಯಲ್ಲೂ ಬರಲಿಲ್ಲ. ಡೈರಿಯಲ್ಲಿ 30 ನಿಯಮ ಅಚ್ಚು ಹಾಕಿ ಕೊಟ್ಟರು, ಕೆಳಗೆ ಸಹಿ ಹಾಕಿದೆವು. ಅಕ್ಕಾ, ನೀವು ಕಮ್ಮಿ ಹೇಳಿ, ಆದರೆ ಕೆಲಸಕ್ಕೆ ಬರುವುದನ್ನು ಹೇಳಿ.

ಅಥಣಿ ಹಳೇ ಮಾಸ್ತರ್ (ನಿವೃತ್ತ ಮುಖ್ಯಶಿಕ್ಷಕ)

ಅಕ್ಕೋರ ಉತ್ಸಾಹ ನೋಡಿ ಸಂತೋಷವಾಯಿತು. ಆದರೆ ಒಂದು ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಮೊದಲ ವಾರ ಬೇಡ.

ಶಾಲೆ ತೆರೆದ ಕೂಡಲೇ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿ ಮಾಡಿಸುವ ಕೆಲಸ, ಇರುತ್ತದೆ. ನೈದಾನಿಕ ಪರೀಕ್ಷೆ ಮಾಡಿ, ಯಾವ ಮಗು ಎಲ್ಲಿ ನಿಂತಿದೆ ಅಂತ ನೋಡುತ್ತೀರಿ. ಆರಕ್ಕೆ ಬಂದವನಿಗೆ ಭಾಗಾಕಾರ ಬರುವುದಿಲ್ಲ, ಇನ್ನೊಬ್ಬಳಿಗೆ ಒತ್ತಕ್ಷರ ಓದಲು ಕಷ್ಟ, ಇದೆಲ್ಲ ಆಗ ಗೊತ್ತಾಗುತ್ತದೆ. ಅದಾದ ಮೇಲೆ ಸಭೆ ಕರೆಯಿರಿ. ಆಗ ಪ್ರತಿಯೊಬ್ಬರ ಮುಂದೆ ಅವರ ಮಗುವಿನ ಬಗ್ಗೆ ಒಂದು ನಿಜವಾದ ಮಾತು ಹೇಳಬಹುದು. "ನಿಮ್ಮ ಹುಡುಗಿ ಓದುವುದರಲ್ಲಿ ಚೆನ್ನಾಗಿದ್ದಾಳೆ, ಮಗ್ಗಿ ಗಟ್ಟಿ ಆಗಬೇಕು." ಈ ಒಂದು ಮಾತಿಗೆ ಪಾಲಕರು ಕಿವಿ ಕೊಡುತ್ತಾರೆ. "ಮಕ್ಕಳ ಭವಿಷ್ಯ ನಿಮ್ಮ ಕೈಯಲ್ಲಿದೆ" ಅನ್ನುವ ಭಾಷಣ ಅವರು ಸಾಕಷ್ಟು ಕೇಳಿದ್ದಾರೆ.

ಎರಡನೆಯದು, ಇದು ಅಕ್ಕೋರೊಬ್ಬರ ಕೆಲಸ ಆಗಬಾರದು. ಶಿಕ್ಷಣ ಹಕ್ಕು ಕಾಯ್ದೆ 2009ರ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. ನಮ್ಮಲ್ಲಿ ಅದು ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಬಹಳ ಊರುಗಳಲ್ಲಿ ಅದು ಅಧ್ಯಕ್ಷರ ಸಹಿಗೆ ಸೀಮಿತವಾಗಿದೆ. ಸಮಿತಿಯ ತಾಯಂದಿರನ್ನು ಮೊದಲು ಹಿಡಿಯಿರಿ. ಅವರು ಓಣಿಯಲ್ಲಿ ಹೇಳಿದರೆ ಜನ ಬರುತ್ತಾರೆ, ಚೀಟಿ ಕಳಿಸಿದರೆ ಬರುವುದಿಲ್ಲ.

ಮೂರನೆಯದು, ಹಾಜರಿ. ಅದೇ ಕಾಯ್ದೆ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ಕೆಲಸದ ದಿನ, 1000 ತಾಸು ಪಾಠ ಅನ್ನುತ್ತದೆ. ಐದರವರೆಗೆ 200 ದಿನ, 800 ತಾಸು. ಅಂದರೆ ಆರಕ್ಕೆ ಬಂದ ಮಗುವಿನ ಮೇಲೆ 200 ತಾಸು ಹೆಚ್ಚಿನ ಪಾಠ ಬೀಳುತ್ತದೆ. ಇದನ್ನು ಪಾಲಕರಿಗೆ ಲೆಕ್ಕ ಹಾಕಿ ಹೇಳಿ. ಸಣ್ಣ ತರಗತಿಯಲ್ಲಿ ವಾರಕ್ಕೆ ಒಂದು ದಿನ ತಪ್ಪಿಸಿದ ಹಾಗೆ ಇಲ್ಲಿ ನಡೆಯುವುದಿಲ್ಲ.

ಕೃಷ್ಣಾತೀರದ ಅಕ್ಕೋರು

ಮಾಸ್ತರ್, ಸೇತುಬಂಧ ಆದ ಮೇಲೆ ಅನ್ನುವುದು ಒಪ್ಪುವ ಮಾತು. ಆದರೆ ಅಷ್ಟರಲ್ಲಿ ಮಳೆ ಶುರುವಾದರೆ ಜನ ಸಿಗುತ್ತಾರಾ ಅನ್ನುವುದೇ ಚಿಂತೆ.

ಮುಧೋಳದ ರೈತ

ಬಿತ್ತನೆ ನಾಲ್ಕು ದಿನದ್ದು, ಅಕ್ಕೋರೆ. ಅದು ಮುಗಿದ ಮೇಲೆ ಸಿಗುತ್ತೇವೆ. ಕಾರ ಹುಣ್ಣಿಮೆ ಆಸುಪಾಸು ಬಿಟ್ಟುಬಿಡಿ. ಅವತ್ತು ದೊಡ್ಡವರೂ ಬರುವುದಿಲ್ಲ, ಮಕ್ಕಳೂ ಬರುವುದಿಲ್ಲ.

ಇಂಡಿ ತಾಂಡಾ ಶಿಕ್ಷಕ

ನಮ್ಮ ಕಡೆ ಪರಿಸ್ಥಿತಿಯೇ ಬೇರೆ. ದಸರಾ, ದೀಪಾವಳಿ ಮುಗಿದರೆ ತಾಂಡಾದ ಅರ್ಧ ಮನೆಗಳಿಗೆ ಬೀಗ. ಕಬ್ಬು ಕಡಿಯುವ ಗ್ಯಾಂಗ್ ಕೊಲ್ಹಾಪುರ, ಸಾಂಗಲಿ ಕಡೆ ಹೋಗುತ್ತದೆ. ಮಾರ್ಚ್, ಏಪ್ರಿಲ್‌ವರೆಗೆ ವಾಪಸ್ ಬರುವುದಿಲ್ಲ. ಸಣ್ಣ ಮಕ್ಕಳನ್ನು ಹೇಗೂ ಒಯ್ಯುತ್ತಾರೆ. ಆರನೇ, ಏಳನೇ ತರಗತಿಯ ಮಕ್ಕಳನ್ನು ಯಾಕೆ ಒಯ್ಯುತ್ತಾರೆ ಗೊತ್ತಾ? ಸಣ್ಣ ಕೂಸನ್ನು ನೋಡಿಕೊಳ್ಳಲು, ಕೊಪ್ಪೆಯಲ್ಲಿ (ಗುಡಿಸಲಲ್ಲಿ) ಅಡುಗೆ ಮಾಡಲು, ವಾಡೆ (ಕಬ್ಬಿನ ತುದಿಯ ಮೇವು) ಕಟ್ಟಲು. ಆ ವಯಸ್ಸಿಗೆ ಮಗು ಕೆಲಸಕ್ಕೆ ಬರುತ್ತದೆ. ಅದಕ್ಕೇ ಐದು ದಾಟಿದ ಮೇಲೆ ಶಾಲೆ ಬಿಡುವುದು ಜಾಸ್ತಿ.

ಹಾಗಾಗಿ ನನಗೆ ಜೂನ್ ಸಭೆ ಅಂದರೆ ನಿಯಮ ಹೇಳುವ ಸಭೆ ಅಲ್ಲ. ಒಂದೇ ಪ್ರಶ್ನೆ ಕೇಳುವ ಸಭೆ: "ನೀವು ಹೋದ ಮೇಲೆ ಈ ಮಗು ಯಾರ ಹತ್ತಿರ ಇರುತ್ತದೆ?" ಅಜ್ಜಿ ಇದ್ದಾಳಾ, ಕಾಕಾ ಇದ್ದಾನಾ, ಅಥವಾ ಋತುಮಾನದ ವಸತಿ ವ್ಯವಸ್ಥೆಗೆ ಹೆಸರು ಕೊಡಬೇಕಾ? ಮುಕಾದಮನಿಂದ (ಗ್ಯಾಂಗ್ ಕರೆದೊಯ್ಯುವ ಮೇಸ್ತ್ರಿಯಿಂದ) ಮುಂಗಡ ತೆಗೆದುಕೊಳ್ಳುವ ಮೊದಲೇ ಈ ಮಾತು ಆಗಬೇಕು. ಒಮ್ಮೆ ದುಡ್ಡು ಕೈಗೆ ಬಂದ ಮೇಲೆ ಎಷ್ಟು ಜೋಡಿ ಕೈ ಬೇಕು ಅಂತ ಲೆಕ್ಕ ಆಗಿಬಿಟ್ಟಿರುತ್ತದೆ. ಅಕ್ಟೋಬರ್‌ನಲ್ಲಿ ಹೋಗಿ ಬೇಡಿಕೊಂಡರೆ ಏನೂ ಆಗುವುದಿಲ್ಲ. ಅಜ್ಜಿ ನೋಡಿಕೊಳ್ಳುತ್ತಾಳೆ ಅಂದರೆ ಆ ಅಜ್ಜಿಯನ್ನೂ ಸಭೆಗೆ ಕರೆಯಿರಿ. ಹಾಜರಿ ಪುಸ್ತಕದಲ್ಲಿ ತಂದೆಯ ನಂಬರ್ ಪಕ್ಕದಲ್ಲಿ ಅಜ್ಜಿಯ ಮನೆಯ ನಂಬರ್ ಬರೆದುಕೊಳ್ಳಿ.

ಚಡಚಣದವ

ನಾನು ಹಾಗೆ ಅಜ್ಜಿ ಹತ್ತಿರ ಉಳಿದು ಓದಿದವನು. ನಮ್ಮ ಸರ್ ಅವ್ವನಿಗೆ ಹೇಳಿ, ವಾರಕ್ಕೊಮ್ಮೆ ಶಾಲೆಯ ಫೋನಿನಿಂದ ನನ್ನ ಹತ್ತಿರ ಮಾತಾಡಿಸುತ್ತಿದ್ದರು. ಅಷ್ಟಕ್ಕೇ ನಾನು ಶಾಲೆ ತಪ್ಪಿಸುತ್ತಿರಲಿಲ್ಲ. ಈಗ ಡಿಪ್ಲೊಮಾ ಮುಗಿಸಿ ಕೆಲಸದಲ್ಲಿದ್ದೇನೆ. ಮೇಲಿನ ಸರ್ ಹೇಳಿದ್ದು ನೂರಕ್ಕೆ ನೂರು ಸರಿ.

ಸಿಂದಗಿ ಅಪ್ಪ

ಇಷ್ಟೆಲ್ಲ ಸಭೆ ಯಾಕೆ? ನಮ್ಮ ಕಾಲದಲ್ಲಿ ಅಪ್ಪ ಶಾಲೆಗೆ ಬಂದು "ಮಾಸ್ತರ್, ಚರ್ಮ ನಿಮ್ಮದು, ಎಲುಬು ನಮ್ಮದು" ಅಂತ ಹೇಳಿ ಹೋಗುತ್ತಿದ್ದ. ಕಲಿಯಲಿಲ್ಲವಾ ನಾವು? ಈಗ ಬೆತ್ತ ಇಲ್ಲ, ಹೆದರಿಕೆ ಇಲ್ಲ, ಅದಕ್ಕೇ ಹೀಗಾಗಿದೆ.

ಅಥಣಿ ಹಳೇ ಮಾಸ್ತರ್

ಸಿಂದಗಿಯವರೇ, ಹೊಡೆಯುವುದು ಕಾನೂನು ಪ್ರಕಾರ ತಪ್ಪು. ಅದೇ ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾನೂನು ಬದಿಗಿಡಿ. ನಿಮ್ಮ ಜೊತೆ ಒಂದನೇ ತರಗತಿಗೆ ಸೇರಿದವರಲ್ಲಿ ಎಷ್ಟು ಜನ ಹತ್ತನೇ ತರಗತಿಗೆ ಬಂದರು? ಏಟಿಗೆ ಹೆದರಿ ದನ ಕಾಯಲು ಹೋದವರ ಲೆಕ್ಕ ಯಾರೂ ಇಡಲಿಲ್ಲ.

ಸಿಂದಗಿ ಅಪ್ಪ

ಆ ಮಾತು ನಿಜ. ಬಹಳ ಜನ ಬಿಟ್ಟು ಹೋದರು. ಆದರೂ ತಪ್ಪು ಮಾಡಿದವನಿಗೆ ಏನೂ ಆಗುವುದಿಲ್ಲ ಅಂದರೆ ಉಳಿದ ಮಕ್ಕಳು ಏನು ಕಲಿಯುತ್ತಾರೆ? ಅದಕ್ಕೆ ಉತ್ತರ ಕೊಡಿ.

ಬಾಗೇವಾಡಿ ಗಣಿತ ಸರ್

ನಾನು ಕೊಡುತ್ತೇನೆ. ಅಕ್ಕೋರ ಮೂರನೇ ಪ್ರಶ್ನೆಗೂ ಇದೇ ಉತ್ತರ.

ನಮ್ಮ ತರಗತಿಯಲ್ಲಿ ಮಕ್ಕಳನ್ನು ನಾಲ್ಕು ಗುಂಪು ಮಾಡಿ ಕೇಳುತ್ತೇನೆ: "ಕಳೆದ ವರ್ಷ ನಿಮಗೆ ಕಲಿಯಲು ಏನು ಅಡ್ಡಿ ಆಯಿತು?" ಅವರು ಹೇಳುವುದು ನಾವು ಅಂದುಕೊಂಡಿದ್ದಲ್ಲ. ತಪ್ಪು ಉತ್ತರಕ್ಕೆ ನಗುವುದು, ಪೆನ್ನು ಕದಿಯುವುದು, ಹಿಂದಿನ ಬೆಂಚಿಗೆ ಬೋರ್ಡ್ ಕಾಣದಿರುವುದು, ಅಡ್ಡ ಹೆಸರಿನಿಂದ ಕರೆಯುವುದು. ಅದರಿಂದಲೇ ನಿಯಮ ಹುಟ್ಟುತ್ತದೆ. ಐದಕ್ಕಿಂತ ಜಾಸ್ತಿ ಬೇಡ. ಪ್ರತಿಯೊಂದಕ್ಕೂ "ಮುರಿದರೆ ಏನು" ಅಂತ ಅವರೇ ಹೇಳಬೇಕು. ಮಕ್ಕಳು ಮೊದಲು ಬಹಳ ಕಠಿಣ ಶಿಕ್ಷೆ ಹೇಳುತ್ತಾರೆ. ಬಿಸಿಲಲ್ಲಿ ನಿಲ್ಲಿಸಿ, ಊಟ ಕೊಡಬೇಡಿ ಅಂತೆಲ್ಲ. ಅದನ್ನು ಇಳಿಸುವುದು ನಮ್ಮ ಕೆಲಸ. ಲೆಕ್ಕ ಮಾಡದೇ ಬಂದರೆ ಕೊನೆಯ ಪಿರಿಯಡ್‌ನಲ್ಲಿ ಗೆಳೆಯನ ಜೊತೆ ಕೂತು ಮುಗಿಸಬೇಕು. ಹೆಸರು ಕೆಡಿಸಿ ಕರೆದರೆ ಅದೇ ಎಲ್ಲರ ಮುಂದೆ ಸರಿಯಾದ ಹೆಸರಿನಿಂದ ಕರೆಯಬೇಕು. ಆಟದ ಪಿರಿಯಡ್ ಕಸಿಯುವುದಿಲ್ಲ, ಊಟ ಮುಟ್ಟುವುದಿಲ್ಲ.

ಆಮೇಲೆ ನನ್ನ ನಿಯಮವನ್ನೂ ಅದೇ ಹಾಳೆಯಲ್ಲಿ ಬರೆಯುತ್ತೇನೆ. ಗಂಟೆ ಹೊಡೆದ ಕೂಡಲೇ ತರಗತಿಗೆ ಬರುತ್ತೇನೆ. ಪಟ್ಟಿ ಪುಸ್ತಕ (ನೋಟ್‌ಬುಕ್) ಒಂದು ವಾರದೊಳಗೆ ತಿದ್ದಿ ಕೊಡುತ್ತೇನೆ. ಅರ್ಥವಾಗಲಿಲ್ಲ ಅಂದವರ ಮೇಲೆ ಸಿಟ್ಟು ಮಾಡುವುದಿಲ್ಲ. ಪಾಲಕರ ಸಭೆಯಲ್ಲಿ ಆ ಹಾಳೆಯನ್ನು ಮಕ್ಕಳೇ ಓದಿ ಹೇಳುತ್ತಾರೆ. ಸಿಂದಗಿಯವರೇ, ತನ್ನ ಮಗಳು ಎದ್ದು ನಿಂತು ಇದನ್ನು ಓದುವುದನ್ನು ಕೇಳಿದ ಅಪ್ಪ ಮನೆಯಲ್ಲೂ ಅದನ್ನೇ ನೆನಪಿಸುತ್ತಾನೆ.

ಸಿಂದಗಿ ಅಪ್ಪ

ಶಿಕ್ಷಕರು ತಮ್ಮ ನಿಯಮ ಬರೆಯುವುದು ಚಲೋ ಅನಿಸಿತು. ಅದು ಎಲ್ಲ ಶಾಲೆಯಲ್ಲೂ ಆಗಲಿ.

ಗುಳೇದಗುಡ್ಡದ ಮಗಳು

ಓದು ಬಾರದ ತಾಯಿಯ ಬಗ್ಗೆ ಅಕ್ಕೋರು ಕೇಳಿದ್ದರಲ್ಲ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನನ್ನ ಅವ್ವನಿಗೆ ಅಕ್ಷರ ಬರುವುದಿಲ್ಲ. ನಾವು ಮೂವರು ಓದಿದ್ದೇವೆ. ಅವ್ವ ರೊಟ್ಟಿ ಬಡಿಯುವಾಗ ನಾವು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಬೇಕಿತ್ತು. ತಡವರಿಸಿದರೆ "ಮತ್ತೆ ಓದು" ಅನ್ನುತ್ತಿದ್ದಳು. ಅರ್ಥ ಅವಳಿಗೆ ಬೇಕಿರಲಿಲ್ಲ, ತಡವರಿಸುವುದು ಕಿವಿಗೆ ಗೊತ್ತಾಗುತ್ತಿತ್ತು.

ಸಭೆಯಲ್ಲಿ ಎರಡು ಪಟ್ಟಿ ಪುಸ್ತಕ ತೆರೆದು ತೋರಿಸಿ. ಇದು ತಿದ್ದಿದ್ದು, ಇಲ್ಲಿ ಕೆಂಪು ಸಹಿ ಇದೆ, ತಾರೀಖು ಇದೆ. ಇದು ಅರ್ಧಕ್ಕೆ ಬಿಟ್ಟದ್ದು, ಇಲ್ಲಿ ಖಾಲಿ ಪುಟ ಇದೆ. ಅಕ್ಷರ ಬಾರದವರಿಗೂ ಖಾಲಿ ಪುಟ ಕಾಣುತ್ತದೆ. ಶನಿವಾರ ಒಮ್ಮೆ ಚೀಲ ತೆರೆದು ನೋಡಿ ಅಂತ ಹೇಳಿದರೆ ಅದು ಅವರ ಕೈಲಾಗುವ ಕೆಲಸ. "ಅಭ್ಯಾಸ ನೋಡಿಕೊಳ್ಳಿ" ಅಂದರೆ ನನ್ನಂಥವರ ಮನೆಯಲ್ಲಿ ಸುಮ್ನೆ ನಾಚಿಕೆ ಆಗುತ್ತದೆ, ಅಷ್ಟೇ.

ಕೃಷ್ಣಾತೀರದ ಅಕ್ಕೋರು

ಇದು ನನಗೆ ಬೇಕಿದ್ದ ಉತ್ತರ. ತುಂಬಾ ಧನ್ಯವಾದ.

ಖಾನಾಪುರ ಕಡೆಯವ

ಭಾಷೆಯ ಮಾತೂ ಇದೆ. ನಮ್ಮ ಕನ್ನಡ ಶಾಲೆಗೆ ಮರಾಠಿ ಮನೆಯ ಮಕ್ಕಳು ಬರುತ್ತಾರೆ, ಉರ್ದು ಮನೆಯವರೂ ಬರುತ್ತಾರೆ. ಸಭೆಯಲ್ಲಿ ಶುದ್ಧ ಪುಸ್ತಕದ ಕನ್ನಡ ಮಾತಾಡಿದರೆ ಹಿಂದೆ ಕೂತ ತಾಯಂದಿರು ತಲೆ ಆಡಿಸಿ ಎದ್ದು ಹೋಗುತ್ತಾರೆ. ಮರಾಠಿ ಬರುವ ಒಬ್ಬ ತಾಯಿಯನ್ನು ಪಕ್ಕದಲ್ಲಿ ನಿಲ್ಲಿಸಿ ಹೇಳಿಸಿದ ಮೇಲೆ ಅವರೂ ಪ್ರಶ್ನೆ ಕೇಳಲು ಶುರು ಮಾಡಿದರು.

ನಿಪ್ಪಾಣಿ

ಹಿಂದಿ ವಿಷಯದಲ್ಲಿ ಮಾತ್ರ ಮರಾಠಿ ಮಕ್ಕಳಿಗೆ ಅನುಕೂಲ. ಲಿಪಿ ಗೊತ್ತಿರುತ್ತದೆ. ಕನ್ನಡ ಮನೆಯ ಮಕ್ಕಳು ಅ, ಆ ಇಂದ ತಿದ್ದಬೇಕು.

ವಿಜಯಪುರ ಸ್ಟೇಷನ್ ರೋಡ್

ಮೂರನೇ ಭಾಷೆಯೇ ಬೇಡ ಅನ್ನುವವರ ಗುಂಪಿಗೆ ನಾನು ಸೇರಿದವನು. ಆ ಹೊತ್ತನ್ನು ಕನ್ನಡ ಓದುವುದಕ್ಕೆ, ಲೆಕ್ಕಕ್ಕೆ ಕೊಡಲಿ.

ಟಿಳಕವಾಡಿ ಅಮ್ಮ

ಅದು ಬೇರೆ ಚರ್ಚೆ, ದಯವಿಟ್ಟು ಇಲ್ಲಿ ಶುರು ಮಾಡಬೇಡಿ. ನನ್ನದೊಂದು ಪ್ರಶ್ನೆ: ವಾಟ್ಸ್‌ಆ್ಯಪ್ ಗುಂಪು ಮಾಡುತ್ತೀರಾ? ನಮ್ಮ ಗುಂಪಿನಲ್ಲಿ ದಿನಕ್ಕೆ ನೂರು ಶುಭೋದಯ. ಹೋಂವರ್ಕ್ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ರಾತ್ರಿ ಹತ್ತಾಗುತ್ತದೆ.

ಬಾಗೇವಾಡಿ ಗಣಿತ ಸರ್

ಮಾಡಿ, ಆದರೆ ಶಿಕ್ಷಕರು ಮಾತ್ರ ಬರೆಯುವ ಹಾಗೆ ಇಡಿ. ಬರೆದ ಸಂದೇಶಕ್ಕಿಂತ ಧ್ವನಿ ಸಂದೇಶ ವಾಸಿ, ಎಲ್ಲರಿಗೂ ತಿಳಿಯುತ್ತದೆ. ಯಾವ ಮಗುವಿನ ಅಂಕವನ್ನೂ ಗುಂಪಿಗೆ ಹಾಕಬೇಡಿ.

ಬಾದಾಮಿ ಆಶಾ

ಆ ಫೋನ್ ಇರುವುದು ಅಪ್ಪನ ಜೇಬಿನಲ್ಲಿ. ಅಪ್ಪ ಇರುವುದು ಗೋವಾದಲ್ಲೋ ಮಂಗಳೂರಿನಲ್ಲೋ. ತಾಯಿಗೆ ಸುದ್ದಿ ಮುಟ್ಟುವುದೇ ಇಲ್ಲ. ಅದಕ್ಕೆ ಮುಖಾಮುಖಿ ಸಭೆ ಬೇಕೇ ಬೇಕು.

ಇನ್ನೊಂದು ಮಾತು, ಇಲ್ಲಿ ಗಂಡಸರೂ ಓದುತ್ತಿದ್ದಾರೆ, ಓದಲಿ. ಆರರಿಂದ ಎಂಟರೊಳಗೆ ಬಹಳ ಹುಡುಗಿಯರು ದೊಡ್ಡವರಾಗುತ್ತಾರೆ. ಆಗ ಕೆಲವು ಮನೆಯಲ್ಲಿ ವಾರಗಟ್ಟಲೆ ಶಾಲೆಗೆ ಕಳಿಸುವುದಿಲ್ಲ. ಆಮೇಲೆ ತಿಂಗಳಿಗೆ ಮೂರು ನಾಲ್ಕು ದಿನ ತಪ್ಪುತ್ತದೆ. ಜೂನ್‌ನಲ್ಲೇ ತಾಯಂದಿರನ್ನು ಮಾತ್ರ ಬೇರೆ ಕೂರಿಸಿ ಹೇಳಿ: ಶಾಲೆಯಲ್ಲಿ ಶೌಚಾಲಯಕ್ಕೆ ನೀರಿದೆ, ಚಿಲಕ ಇದೆ, ಪ್ಯಾಡ್ ಸಿಗುತ್ತದೆ, ಹೊಟ್ಟೆ ನೋವಾದರೆ ಅಕ್ಕೋರ ಹತ್ತಿರ ಹೇಳಬಹುದು. ಚಿಲಕ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಚಿಲಕ ಇಲ್ಲದ ಶಾಲೆಗೆ ಯಾವ ತಾಯಿ ಕಳಿಸುತ್ತಾಳೆ?

ಮದುವೆ ವಿಷಯವನ್ನೂ ಎತ್ತಿ. ಹುಡುಗಿಗೆ 18 ಆಗದೇ ಮದುವೆ ಮಾಡಬಾರದು ಅಂತ 2006ರ ಕಾಯ್ದೆ ಇದೆ. ಮಕ್ಕಳ ಸಹಾಯವಾಣಿ 1098 ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ಸಂಬಂಧ ಗೊತ್ತಾದ ಮೇಲೆ ಹೋಗಿ ಹೇಳಿದರೆ ಜಗಳವಾಗುತ್ತದೆ. ಶಾಲೆ ಶುರುವಾಗುವಾಗ ಎಲ್ಲರಿಗೂ ಒಟ್ಟಿಗೆ ಹೇಳಿದರೆ ಯಾರಿಗೂ ತಮ್ಮ ಮನೆಯ ಮೇಲೆ ಬೆರಳು ತೋರಿಸಿದ ಹಾಗೆ ಅನಿಸುವುದಿಲ್ಲ.

ಮುಧೋಳದ ರೈತ

ಗಂಡಸರು ಓದಿದ್ದೇವೆ. ಸರಿಯಾದ ಮಾತು. ಚಿಲಕ ನಾನೇ ತಂದು ಹಾಕುತ್ತೇನೆ ನಮ್ಮೂರ ಶಾಲೆಗೆ.

ರಾಮದುರ್ಗ ಬಸ್ ಪ್ರಯಾಣಿಕ

"ಹೊತ್ತಿಗೆ ಸರಿಯಾಗಿ ಬರಬೇಕು" ಅಂತ ನಿಯಮ ಮಾಡುವ ಮೊದಲು ಮಕ್ಕಳು ಹೇಗೆ ಬರುತ್ತಾರೆ ಅಂತ ಕೇಳಿ. ನಮ್ಮ ಹಳ್ಳಿಗೆ ಬೆಳಿಗ್ಗೆ ಒಂದೇ ಬಸ್ಸು. ಅದು ತಡವಾದರೆ ಮಕ್ಕಳು ಪ್ರಾರ್ಥನೆ ತಪ್ಪಿಸಿಕೊಂಡು ಗೇಟಿನ ಹೊರಗೆ ನಿಲ್ಲುತ್ತಾರೆ. ತಪ್ಪು ಮಕ್ಕಳದ್ದಲ್ಲ. ಎಸ್‌ಡಿಎಂಸಿ ಠರಾವು ಮಾಡಿ ಡಿಪೋಗೆ ಅರ್ಜಿ ಕೊಟ್ಟರೆ ಸಮಯ ಬದಲಾಗಬಹುದು. ಒಬ್ಬ ಅಪ್ಪ ಹೋಗಿ ಕೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಕಿತ್ತೂರು ಹಾದಿ

ಒಂದು ವಿಷಯ ಯಾರೂ ಹೇಳಲಿಲ್ಲ. ಆರನೇ ತರಗತಿ ಅಂದರೆ ನವೋದಯ, ಮೊರಾರ್ಜಿ, ವಿಜಯಪುರದ ಸೈನಿಕ ಶಾಲೆ, ಕಿತ್ತೂರಿನ ಹೆಣ್ಣುಮಕ್ಕಳ ವಸತಿ ಶಾಲೆ, ಎಲ್ಲದಕ್ಕೂ ಪ್ರವೇಶ ಸಿಗುವ ತರಗತಿ. ಐದನೇ ತರಗತಿಯ ಇಡೀ ವರ್ಷ ಮಕ್ಕಳು ಆ ಪರೀಕ್ಷೆಗೆ ಓದಿರುತ್ತಾರೆ. ಕೆಲವರು ರಜೆಯಲ್ಲೂ ಕೋಚಿಂಗ್‌ಗೆ ಹೋಗಿರುತ್ತಾರೆ. ಸೀಟು ಸಿಗದವರು ಜೂನ್‌ನಲ್ಲಿ ನಿಮ್ಮ ಮುಂದೆ ಬಂದು ಕೂರುತ್ತಾರೆ. ಹನ್ನೊಂದು ವರ್ಷಕ್ಕೇ "ನಾನು ಸೋತವನು" ಅಂತ ತಲೆಯಲ್ಲಿ ಕೂತಿರುತ್ತದೆ. ಮನೆಯಲ್ಲಿ ದಿನಾ ಅದೇ ಮಾತು: ಅವನಿಗೆ ಸಿಕ್ಕಿತು, ನಿನಗೆ ಸಿಗಲಿಲ್ಲ.

ನನ್ನ ತಮ್ಮನ ಮಗ ಹೀಗೆ ಇಡೀ ಆರನೇ ತರಗತಿ ಬಾಯಿ ಬಿಡಲಿಲ್ಲ. ಸಭೆಯಲ್ಲಿ ಪಾಲಕರಿಂದ ಒಂದೇ ಮಾತು ತೆಗೆದುಕೊಳ್ಳಿ: ಆ ಪರೀಕ್ಷೆಯ ಸುದ್ದಿಯನ್ನು ಈ ವರ್ಷ ಮನೆಯಲ್ಲಿ ಎತ್ತುವುದಿಲ್ಲ. ನಿಮ್ಮ ತರಗತಿ ಉಳಿದವರ ತರಗತಿ ಅಲ್ಲ ಅಂತ ಮಕ್ಕಳಿಗೆ ಮೊದಲ ದಿನವೇ ತಿಳಿಯಬೇಕು.

ಕೃಷ್ಣಾತೀರದ ಅಕ್ಕೋರು

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ತರಗತಿಗೆ ಬರುವವರಲ್ಲೂ ಅಂಥ ಮಕ್ಕಳಿದ್ದಾರೆ. ಮಕ್ಕಳಿಗೆ ಮೊದಲ ದಿನವೇ ಹೇಳುತ್ತೇನೆ, ಪಾಲಕರಿಗೆ ಸಭೆಯಲ್ಲಿ.

ತಿಕೋಟಾ ದ್ರಾಕ್ಷಿ

ಹೋಂವರ್ಕ್ ಬಗ್ಗೆಯೂ ಒಪ್ಪಂದ ಆಗಲಿ. ಜನವರಿಯಿಂದ ನಮ್ಮ ಕಡೆ ದ್ರಾಕ್ಷಿ ಕಟಾವು, ಒಣದ್ರಾಕ್ಷಿ ಶೆಡ್ಡಿನ ಕೆಲಸ. ಮಕ್ಕಳೂ ಸಂಜೆ ಕೈ ಹಾಕುತ್ತಾರೆ. ತಪ್ಪು ಅಂತ ಗೊತ್ತು, ಆದರೆ ನಡೆಯುತ್ತದೆ. ಎಲ್ಲ ವಿಷಯದವರೂ ಒಂದೇ ದಿನ ಕೊಟ್ಟರೆ ಮಗು ಯಾವುದನ್ನೂ ಮಾಡುವುದಿಲ್ಲ.

ಗುಳೇದಗುಡ್ಡದ ಮಗಳು

ಕೈ ಹಾಕುವುದು ಯಾಕೆ ನಡೆಯಬೇಕು? ಶೆಡ್ಡಿಗೆ ಆಳು ಕಡಿಮೆ ಅಂತ ಹನ್ನೊಂದರ ಮಗುವನ್ನು ಕರೆಯುವುದು ಸರಿಯಲ್ಲ. ಇದನ್ನೂ ಸಭೆಯಲ್ಲಿ ನೇರವಾಗಿ ಹೇಳಿ ಅಕ್ಕೋರೆ, ನಯವಾಗಿ ಬೇಡ.

ತಿಕೋಟಾ ದ್ರಾಕ್ಷಿ

ಹೇಳಲಿ. ನಾನು ವಿರೋಧ ಮಾಡುತ್ತಿಲ್ಲ. ಸಂಜೆ ಏಳರಿಂದ ಎಂಟು ಓದಿನ ಹೊತ್ತು, ಟಿವಿ ಬಂದ್, ಫೋನ್ ಬಂದ್, ಕೆಲಸ ಬಂದ್ ಅಂತ ಇಡೀ ಓಣಿಗೆ ಒಂದೇ ಮಾತಾದರೆ ನಮಗೂ ಸುಲಭ. ಒಂದು ಮನೆಯಲ್ಲಿ ಮಾತ್ರ ಆದರೆ ಮಗು ಪಕ್ಕದ ಮನೆ ಟಿವಿಗೆ ಹೋಗುತ್ತದೆ.

ಅಥಣಿ ಹಳೇ ಮಾಸ್ತರ್

ಇದು ಎಸ್‌ಡಿಎಂಸಿ ಠರಾವಿಗೆ ತಕ್ಕ ವಿಷಯ. ಬರೆಸಿ.

ಕೃಷ್ಣಾತೀರದ ಅಕ್ಕೋರು

ಎಲ್ಲರ ಮಾತು ಓದಿ ಹೀಗೆ ಮಾಡಬೇಕು ಅಂದುಕೊಂಡಿದ್ದೇನೆ. ಶಾಲೆ ತೆರೆದ ಮೊದಲ ವಾರ ಸಭೆ ಇಲ್ಲ. ಆ ವಾರ ಮಕ್ಕಳ ಜೊತೆ ನಿಯಮದ ಹಾಳೆ ಮಾಡುತ್ತೇನೆ, ನನ್ನ ನಿಯಮವೂ ಅದರಲ್ಲೇ. ಬಸ್ಸಿನಲ್ಲಿ, ತೋಟದಿಂದ ನಡೆದು ಬರುವ ಮಕ್ಕಳು ಯಾರು ಅಂತ ಬರೆದುಕೊಳ್ಳುತ್ತೇನೆ. ಶೌಚಾಲಯದ ಚಿಲಕ ನೋಡುತ್ತೇನೆ. ನೈದಾನಿಕ ಪರೀಕ್ಷೆ ಆದ ಮೇಲೆ, ಬಿತ್ತನೆ ಬಿಡುವು ನೋಡಿ, ಸೋಮವಾರ ಸಂಜೆ ಸಭೆ. 40 ನಿಮಿಷ. ಶಾಲು, ಹೂವು ಇಲ್ಲ. ಮಕ್ಕಳು ಹಾಳೆ ಓದುತ್ತಾರೆ, ನಾನು ಪಟ್ಟಿ ಪುಸ್ತಕ ತೆರೆದು ತೋರಿಸುತ್ತೇನೆ, ಪ್ರತಿ ಮನೆಯವರಿಗೂ ಅವರ ಮಗುವಿನ ಬಗ್ಗೆ ಒಂದು ಮಾತು. ಆಮೇಲೆ ತಾಯಂದಿರು ಸ್ವಲ್ಪ ಹೊತ್ತು ಉಳಿಯುತ್ತಾರೆ. ಮಗ್ಗದವರಿಗೆ, ಕೂಲಿಯವರಿಗೆ ಅವತ್ತು ಆಗದಿದ್ದರೆ ನಾನೇ ಓಣಿಗೆ ಹೋಗುತ್ತೇನೆ.

ಕಬ್ಬಿಗೆ ಹೋಗುವ ಮನೆ ನಮ್ಮಲ್ಲೂ ಕೆಲವು ಇವೆ. ಅವರನ್ನು ಸಭೆಯಲ್ಲಿ ಎಲ್ಲರ ಮುಂದೆ ಕೇಳಲೋ, ಮನೆಗೆ ಹೋಗಿ ಕೇಳಲೋ?

ಇಂಡಿ ತಾಂಡಾ ಶಿಕ್ಷಕ

ಮನೆಗೆ ಹೋಗಿ. ಸಾಲದ ಮಾತು ಬರುತ್ತದೆ, ಎಲ್ಲರ ಮುಂದೆ ಹೇಳುವುದಿಲ್ಲ. ಕತ್ತಲಾದ ಮೇಲೆ ಹೋದರೆ ಗಂಡ ಹೆಂಡತಿ ಇಬ್ಬರೂ ಸಿಗುತ್ತಾರೆ. ಎಸ್‌ಡಿಎಂಸಿಯ ಒಬ್ಬ ತಾಯಿಯನ್ನು ಜೊತೆಗೆ ಕರೆದುಕೊಂಡು ಹೋಗಿ.

ಬನಹಟ್ಟಿ ಮಗ್ಗದಮನೆ

ನಿಯಮದ ಹಾಳೆ ಆದ ಮೇಲೆ ಫೋಟೋ ಇಲ್ಲಿ ಹಾಕಿ ಅಕ್ಕೋರೆ. ನಮ್ಮ ಶಾಲೆಯ ಅಧ್ಯಕ್ಷರಿಗೆ ತೋರಿಸುತ್ತೇನೆ.